ಹೊತ್ತು ಮುಳುಗುವ ಮುಂಚೆ ತೇರದಾಳ

“ಕೈ ತೊಳಕೊಳ್ರಿ. ರೊಟ್ಟಿ ತಂದೇನಿ.”

ಬಾವಿಯ ಕಟ್ಟೆಯ ಮೇಲೆ ಬುತ್ತಿ ಇಟ್ಟು ಬ್ರಾಹ್ಮಿ ಸ್ವಲ್ಪ ದೂರ ಸರಿದು ನಿಂತಳು. ನೀರೆತ್ತುವ ಆಯಿಲ್ ಎಂಜಿನ್ನಿನ ಹೊಟ್ಟೆಯೊಳಗೆ ಮೊಣಕೈವರೆಗೂ ಕೈ ಹಾಕಿ ಕೂತಿದ್ದ ಹುಡುಗ ತಲೆ ಎತ್ತಿದ. ಮೂಗಿನ ಮೇಲೆ ಗ್ರೀಸು, ಹುಬ್ಬಿನ ಮೇಲೆ ಗ್ರೀಸು. ಅಷ್ಟೆಲ್ಲ ಕಪ್ಪಿನ ನಡುವೆ ಕಣ್ಣು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗಿದ್ದವು.

ಅವನು ಬುತ್ತಿ ನೋಡಿದ. ಪಡುವಣ ನೋಡಿದ. ಮತ್ತೆ ಬುತ್ತಿ ನೋಡಿದ.

“ಬ್ಯಾಡ್ರಿ,” ಅಂದ.

“ಯಾಕ? ನಮ್ಮ ಮನಿ ರೊಟ್ಟಿ ಸೇರೂದಿಲ್ಲೇನು?”

“ಹಂಗಲ್ರಿ.”

“ಮತ್ತ ಹೆಂಗ್ರಿ? ಜಮಖಂಡಿ ಮಂದಿಗೆ ಬರೇ ಚಹಾ, ಖಾರಿ ಬಿಸ್ಕೀಟನ ಬೇಕು ಕಾಣತೈತಿ.”

“ಹೊತ್ತು ಮುಳುಗೇತ್ರಿ,” ಅಂದ ಅವನು, ತಪ್ಪು ಮಾಡಿದವನ ಹಾಗೆ. “ನಾವು ಹೊತ್ತು ಮುಳುಗಿದ ಮ್ಯಾಲ ಉಣ್ಣೂದಿಲ್ಲ.”

ಬ್ರಾಹ್ಮಿಯ ಮುಖಕ್ಕೆ ರಕ್ತ ನುಗ್ಗಿತು. ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟದ ಜೈನರ ಮನೆ ಅವಳದು. ಈ ರೊಟ್ಟಿ ಹೊಲದ ಆಳುಗಳಿಗೆ ಅಂತ ತೆಗೆದಿಟ್ಟದ್ದು. ಫಟಫಟಿ ಮೋಟಾರ್ ಸೈಕಲ್ಲಿನ ಮೇಲೆ ಬಂದ ಈ ಕರಿಮೈಯ ಮೆಕ್ಯಾನಿಕ್ ತಮ್ಮ ಪೈಕಿಯೇ ಇರಬಹುದು ಅನ್ನುವುದು ಅವಳ ತಲೆಗೆ ಹೊಳೆದೇ ಇರಲಿಲ್ಲ.

“ನಿಮ್ಮ ಹೆಸರು?”

“ಆದಪ್ಪ. ರನ್ನ ಬೆಳಗಲಿಯವ. ಜಮಖಂಡಿಯಾಗ ಮೋಟಾರ ವರ್ಕಶಾಪಿನಾಗ ಅದೇನಿ.”

“ಮೊದಲ ಹೇಳಬಾರದೇನ್ರಿ? ಮಧ್ಯಾಹ್ನದಾಗ ಉಣ್ಣಾಕ ಹಾಕತಿದ್ವಿ.”

“ಎಂಜಿನ್ ಬಿಚ್ಚಿದಾಗ ಹಸಿವು ನೆನಪಿರೂದಿಲ್ರಿ.” ಅವನು ನಕ್ಕ. “ಕಟ್ಟಿದ ಮ್ಯಾಲ ನೆನಪಾಗತೈತಿ. ಆಗ ಹೊತ್ತು ಹೋಗಿರತೈತಿ.”

ಆ ರಾತ್ರಿ ಹಸಿದ ಹೊಟ್ಟೆಯಲ್ಲೇ ಅವನು ಜಮಖಂಡಿಗೆ ಹೊರಟ. ಅವನ ಗಾಡಿಯ ದೀಪ ಜೋಳದ ಹೊಲಗಳ ನಡುವೆ ಸಣ್ಣದಾಗುತ್ತ ಹೋಗುವುದನ್ನು ಬ್ರಾಹ್ಮಿ ಬಾಗಿಲಲ್ಲಿ ನಿಂತು ನೋಡಿದಳು. ರೊಟ್ಟಿಯ ಬುತ್ತಿ ಇನ್ನೂ ಅವಳ ಕೈಯಲ್ಲೇ ಇತ್ತು.

*

ಎಂಜಿನ್ ರಿಪೇರಿ ಆಯಿತು. ಆದರೂ ಮುಂದಿನ ತಿಂಗಳು ಅದು ಮತ್ತೆ ಕೆಟ್ಟಿತು. ಅದರ ಮುಂದಿನ ತಿಂಗಳೂ ಕೆಟ್ಟಿತು. ಹೇಗೆ ಕೆಡುತ್ತಿತ್ತು ಅಂತ ಬ್ರಾಹ್ಮಿಯನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆದಪ್ಪನ ವರ್ಕಶಾಪಿಗೆ ರಜೆ ಅಂದರೆ ಅಮಾವಾಸ್ಯೆ ಒಂದೇ. ಅವತ್ತು ಹತಾರಗಳಿಗೆ ಪೂಜೆ, ಆಳುಗಳಿಗೆ ಬಿಡುವು. ಲೋಕದ ಪ್ರೇಮಿಗಳೆಲ್ಲ ಹುಣ್ಣಿಮೆಗೆ ಕಾಯುತ್ತಾರಂತೆ. ತೇರದಾಳದ ಬ್ರಾಹ್ಮಿ ಅಮಾವಾಸ್ಯೆಗೆ ಕಾದಳು.

ಅವನ ಗಾಡಿಯೇ ಒಂದು ತಮಾಷೆ. ಮಹಾಯುದ್ಧ ಮುಗಿದ ಮೇಲೆ ಪುಣೆಯಲ್ಲಿ ಹರಾಜಾದ ಅಮೆರಿಕನ್ ಮಿಲಿಟರಿ ಫಟಫಟಿ. ಅಗಲ ಹ್ಯಾಂಡಲ್ಲು, ಹೊರಸಿನಂಥ ಸೀಟು, ಹೊಟ್ಟೆಯಲ್ಲಿ ಎರಡು ಸಿಲಿಂಡರು. ಅದರ ಮೇಲೆ ಅವನು ಓಡಿಸುವವನಂತೆ ಕಾಣುತ್ತಿರಲಿಲ್ಲ, ಪಡಸಾಲೆಯಲ್ಲಿ ಲೋಡಿಗೆ ಒರಗಿ ಕೂತವನಂತೆ ಕಾಣುತ್ತಿದ್ದ.

ಮೂರನೆಯ ಅಮಾವಾಸ್ಯೆ ಕಳೆದ ಮೇಲೆ ರನ್ನ ಬೆಳಗಲಿಯಿಂದ ಅವನ ತಾಯಿ ಅಕ್ಕಮ್ಮ ಹೆಣ್ಣು ಕೇಳಿ ಹೇಳಿಕಳಿಸಿದಳು. ಬ್ರಾಹ್ಮಿಯ ಅಪ್ಪ ಪಾರಿಸಪ್ಪ ಮೀಸೆ ತಿರುವಿದ. “ಹುಡುಗ ಛಲೋ ಅದಾನ, ಖರೆ. ಕೈ ನೋಡಿದ್ರ ಇದ್ದಲಿ ಅಂಗಡಿ. ಕೊಲ್ಲಾಪುರದ ಅರಿವಿ ಅಂಗಡಿಯವರೂ ಕೇಳ್ಯಾರಲ್ಲ. ಅವರ ಮಗನ ಕೈ ಹತ್ತಿ ಇದ್ದಂಗ ಐತಿ.”

ಮನೆಯಲ್ಲಿ ಕೊನೆಯ ಮಾತು ಅವನದಾಗಿರಲಿಲ್ಲ. ತಾಯಿಯಿಲ್ಲದ ಬ್ರಾಹ್ಮಿಯನ್ನು ಸಾಕಿದ ಅಜ್ಜಿ, ಪಾರಿಸಪ್ಪನ ತಾಯಿ, ಕಸ್ತೂರೆವ್ವನದು. ಬ್ರಾಹ್ಮಿಗೆ ಅವಳು ಆಯಿ.

“ಕೈ ತೊಳದ್ರ ಹೋಗತೈತಿ,” ಅಂದಳು ಆಯಿ. “ನನಗ ಬೇಕಾದ್ದು ಬ್ಯಾರೆ. ಹುಡುಗ ವರ ಆಗಿ ಬಂದು ನಮ್ಮ ಪಂಕ್ತಿಯಾಗ ಒಂದ ಹೊತ್ತು ಉಣ್ಣಬೇಕು. ಹೊತ್ತು ಮುಳುಗೂದ್ರಾಗ. ಉಂಡಾಂದ್ರ ಮಾತು ಕೊಡತೇನಿ. ಬರೂ ಅಮಾಸಿ ಮುಗಿಯೂತನ ಕಾಯೋಣು. ಆಗಲಿಲ್ಲಂದ್ರ ಕೊಲ್ಲಾಪುರದವರು ಬರಲಿ.”

“ಅಮಾಸಿ ದಿನಾನ ಉಣ್ಣಲಿ ಆಯಿ. ಅವತ್ತ ಹೆಂಗೂ ಬರತಾರ,” ಅಂದಳು ಬ್ರಾಹ್ಮಿ.

“ಅಮಾಸಿ ದಿನ ಸಂಬಂಧದ ಊಟ ಏನ ಬೇ? ನಿನ್ನ ತಲಿ ಎಲ್ಲೈತಿ?”

ತಲೆ ಎಲ್ಲಿತ್ತು ಅನ್ನುವುದು ಆಯಿಗೂ ಗೊತ್ತಿತ್ತು.

*

ಕೇಳಲು ಸುಲಭದ ಮಾತು. ಆದರೆ ವರ್ಕಶಾಪಿನ ಮೇಸ್ತ್ರಿ ಕಾಮಣ್ಣ ಐದು ಗಂಟೆಗೆ ಮುಂಚೆ ಯಾರನ್ನೂ ಬಿಡುತ್ತಿರಲಿಲ್ಲ, ಸಂಜೆಯ ಬಸ್ಸುಗಳು ಬಂದು ನಿಂತ ಮೇಲೆಯೇ ಬಿಡುಗಡೆ. ಚಳಿಗಾಲದ ಸೂರ್ಯನಿಗೆ ಆರರವರೆಗೂ ಪುರುಸೊತ್ತಿಲ್ಲ. ನಡುವೆ ಬನಹಟ್ಟಿ, ರಬಕವಿ, ತಗ್ಗುದಿನ್ನೆ, ಹತ್ತಿ ಹೇರಿಕೊಂಡ ಎತ್ತಿನ ಗಾಡಿಗಳ ಸಾಲು.

ಮೊದಲ ಸಲ ಅವನು ಬಿಳಿ ಅಂಗಿ ತೊಟ್ಟು ಬಂದಾಗ ಬ್ರಾಹ್ಮಿ ದೀಪ ಹಚ್ಚುತ್ತಿದ್ದಳು. ಉರಿಯುವ ಕಡ್ಡಿ ಬೆರಳಿನವರೆಗೂ ಬಂದದ್ದು ಅವಳಿಗೆ ತಿಳಿಯಲಿಲ್ಲ. ಎರಡನೆಯ ಸಲ ಬನಹಟ್ಟಿಯ ಏರಿನಲ್ಲಿ ಎಂಜಿನ್ ಕಾದು ಕೆಂಪಾಗಿ ನಿಂತಿತು. ಗಾಡಿ ನೂಕಿಕೊಂಡು ಬಂದವನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು.

“ನಾಳೆ ಬರತೀಯೇನೋ ತಮ್ಮಾ?” ಅಂತ ಪಾರಿಸಪ್ಪ ತೇಗುತ್ತ ಕೇಳಿದ. ಉಂಡು ಮುಗಿಸಿ ಅಡಿಕೆ ಕತ್ತರಿಸುತ್ತಿದ್ದ ಅವನು.

ಆದಪ್ಪ ಬ್ರಾಹ್ಮಿಯ ಕಡೆ ಒಂದು ಸಲ ನೋಡಿದ. ಸೋತವನ ನೋಟ ಅಲ್ಲ ಅದು. ಎಂಜಿನ್ ಬಿಚ್ಚುವ ಮುಂಚೆ ನೋಡುತ್ತಾನಲ್ಲ, ಹಾಗೆ.

*

ಅಮಾವಾಸ್ಯೆಗೆ ಇನ್ನೂ ಹತ್ತು-ಹನ್ನೆರಡು ದಿನ ಇರುವಾಗಲೇ ಒಂದು ಮಧ್ಯಾಹ್ನ ಅವನು ಬಾವಿಯ ಹತ್ತಿರ ಪ್ರತ್ಯಕ್ಷನಾದ. ರಬಕವಿಯಲ್ಲಿ ಕೆಟ್ಟು ನಿಂತ ಬಸ್ಸು ನೋಡಲು ಕಾಮಣ್ಣ ಕಳಿಸಿದ್ದನಂತೆ. ಬಸ್ಸು ಬೇಗ ಸರಿಹೋಯಿತಂತೆ.

“ಮೂರು ಗಂಟೆಗೆ ವಾಪಸ್ ವರ್ಕಶಾಪಿನಾಗ ಇರಬೇಕು. ಲಗೂನ ಹೇಳಿಬಿಡತೇನಿ,” ಅಂದ. “ಗಾಡಿ ಎಂಜಿನ್ ಬದಲಿ ಮಾಡಾಕತ್ತೇನಿ.”

“ಹೊಸ ಎಂಜಿನ್?”

“ಹೊಸಾದಲ್ಲ. ಇದನ್ನ ಜೋರ ಮಾಡೂದು. ಬರ್ರಿ ಇಲ್ಲೆ, ತೋರಸತೇನಿ.”

ಅವನು ಬಾವಿಯ ಕಲ್ಲಿನ ಮೇಲೆ ಗ್ರೀಸು ಹತ್ತಿದ ಬೆರಳಿನಿಂದ ಒಂದು ಡಬ್ಬಿ ಬರೆದ. ಡಬ್ಬಿಗೆ ಮುಚ್ಚಳ ಬರೆದ. ಬ್ರಾಹ್ಮಿ ಬಗ್ಗಿದಳು. ಹೆರಳು ಜಾರಿ ಮುಂದೆ ಬಿತ್ತು, ಅವನು ಬರೆಯುವುದು ಮರೆತ.

“ಮುಂದ?” ಅಂದಳು, ನೋಟ ಕಲ್ಲಿನ ಮೇಲೇ ಇಟ್ಟು.

“ಹಾಂ. ಇದು ಸಿಲಿಂಡರ. ಮ್ಯಾಲಿನ ಮುಚ್ಚಳಕ್ಕ ಹೆಡ್ ಅಂತಾರ. ಹೆಡ್ಡಿನ ಕೆಳಗಿನ ಮೈ ಒಂಚೂರು ಕೆರದ್ರ ಒಳಗ ಜಾಗಾ ಸಣ್ಣದಾಗತೈತಿ. ಪೆಟ್ರೋಲು, ಗಾಳಿ ಎರಡೂ ಒತ್ತಿ ತುಂಬತಾವ. ಸಣ್ಣ ಖೋಲಿಯಾಗ ಭಾಳ ಮಂದಿ ತುಂಬಿದಂಗ.”

“ಜಗಳಾಗತಾವ.”

“ಜಗಳಾನ ಬೇಕ್ರಿ. ಜಗಳಾದ್ರ ಗಾಡಿ ಓಡತೈತಿ.”

“ನಮ್ಮ ಮನ್ಯಾಗ ನಾನು, ಆಯಿ ಜಗಳಾಡಿದ್ರ ಗಾಡಿ ಓಡೂದಿಲ್ಲ. ಅಪ್ಪ ಓಡತಾನ.”

ಅವನು ನಕ್ಕ ನಗುವಿಗೆ ಬಾವಿಯೊಳಗಿನ ಪಾರಿವಾಳಗಳು ಎದ್ದವು.

“ಹಂಗಾರ ಪೂರಾ ಕೆರದುಬಿಡ್ರಿ,” ಅಂದಳು ಬ್ರಾಹ್ಮಿ. “ಇನ್ನೂ ಜೋರ ಓಡಲಿ.”

“ಆಗೂದಿಲ್ಲ. ಈಗಿನ ರೇಶನ್ ಪೆಟ್ರೋಲು ಕೆಟ್ಟದ್ದು. ಭಾಳ ಒತ್ತಿದ್ರ ಹೊತ್ತಿಲ್ಲದ ಹೊತ್ತಿನಾಗ ಉರದುಬಿಡತೈತಿ. ಎಂಜಿನ್ ಕಟಕಟ ಹಲ್ಲು ಕಡೀತೈತಿ, ಆಮ್ಯಾಲ ಸಾಯತೈತಿ. ಕಾಗದದಷ್ಟ ದಪ್ಪ ಕೆರೀತೇನಿ, ಸಾಕು. ಕಾರ್ಬುರೇಟರ್ ಅಂತ ಐತಿ, ಎಂಜಿನ್ನಿಗೆ ಉಣ್ಣಸೂದು. ಕೊಲ್ಲಾಪುರದ ಗುಜರಿಯಾಗ ದೊಡ್ಡ ಬಾಯಿಂದು ಸಿಕ್ಕೈತಿ.”

“ಕೊಲ್ಲಾಪುರದಿಂದ ಬರೂ ದೊಡ್ಡ ಬಾಯಿ ಇದೊಂದ ಇರಲಿ,” ಅಂದಳು ಬ್ರಾಹ್ಮಿ.

ಅವನಿಗೆ ಮಾತು ತಟ್ಟಿತು. ಅರಿವೆ ಅಂಗಡಿಯವರ ಸುದ್ದಿ ಅವನಿಗೂ ಗೊತ್ತಿತ್ತು.

“ಇನ್ನೊಂದು,” ಅಂದ ಮೆಲ್ಲಗೆ, ಡಬ್ಬಿಯ ಪಕ್ಕ ದೊಡ್ಡದೊಂದು ಹಲ್ಲುಗಾಲಿ ಬರೆಯುತ್ತ. “ಮುಂದಿನ ಹಲ್ಲುಗಾಲಿ ಬದಲಿ ಮಾಡಿ ದೊಡ್ಡದು ಹಾಕಿದ್ರ ಸಪಾಟ ರಸ್ತಾದಾಗ ಅರವತ್ತು ಮೈಲಿ ಸ್ಪೀಡ್ ಹೊಡೀಬಹುದು.”

“ಸಪಾಟ ರಸ್ತಾ ಎಲ್ಲೈತ್ರಿ?”

“ಅಂದ್ರ?”

“ಜಮಖಂಡಿಯಿಂದ ಇಲ್ಲಿತನ ಎತ್ತಿನ ಗಾಡಿ, ಏರು, ತಗ್ಗು. ಗಾಡಿ ಹಿಂದ ಸಿಕ್ಕೊಂಡು ನಿಲ್ಲತೀರಿ, ದಾಟತೀರಿ, ಮತ್ತ ನಿಲ್ಲತೀರಿ. ಅರವತ್ತು ಮೈಲಿ ಎಲ್ಲಿ ಹೊಡೀತೀರಿ? ನಮ್ಮ ಪಡಸಾಲ್ಯಾಗ?”

ಆದಪ್ಪ ಕಲ್ಲಿನ ಮೇಲಿನ ಚಿತ್ರವನ್ನೇ ನೋಡುತ್ತ ಕೂತ. ನಿಂತಲ್ಲಿಂದ ಎದ್ದು ನುಗ್ಗುವ ಶಕ್ತಿ ಬೇಕಾಗಿರುವಾಗ ತಾನು ಓಟದ ಲೆಕ್ಕ ಹಾಕುತ್ತಿದ್ದೆನಲ್ಲ ಅಂತ ಅವನ ಮುಖವೇ ಹೇಳಿತು. ದೊಡ್ಡ ಹಲ್ಲುಗಾಲಿಯನ್ನು ಅಂಗೈಯಿಂದ ಒರೆಸಿ, ಪಕ್ಕದಲ್ಲಿ ಸಣ್ಣದೊಂದು ಬರೆದ.

“ಸಣ್ಣದ ಹಾಕತೇನಿ. ಎಳೆತ ಬರತೈತಿ. ಕಾಮಣ್ಣನ್ನ ಕೇಳಬೇಕಾಗಿತ್ತು, ಕೇಳಲಿಲ್ಲ ನೋಡ್ರಿ. ಕೇಳಿದ್ರ ಬೈತಾನ. ಹುಡುಗಿ ಸಲುವಾಗಿ ಎಂಜಿನ್ನಿನ ತಲಿ ಕೆರ್ಯೂದು ಬಿಟ್ಟು ಮೊದಲ ನಿಂದು ಕೆರಕೋ ಅಂತಾನ.”

“ಹುಡುಗಿ ಸಲುವಾಗಿ ಅಂತ ಅವರಿಗೆ ಯಾರು ಹೇಳಿದ್ರು?”

“ಊರಿಗೆಲ್ಲ ಗೊತ್ತೈತ್ರಿ. ನಿಮಗ ಗೊತ್ತಿಲ್ಲಂದ್ರ ಈಗ ಹೇಳತೇನಿ.”

ಬ್ರಾಹ್ಮಿ ಸಣ್ಣ ಹಲ್ಲುಗಾಲಿಯ ಚಿತ್ರದ ಮೇಲೆ ಬೆರಳಿಟ್ಟಳು. ಬೆರಳ ತುದಿಗೆ ಕಪ್ಪು ಹತ್ತಿತು. ಅದನ್ನು ಒರೆಸಿಕೊಳ್ಳದೆ ಮನೆಗೆ ನಡೆದಳು. ಆಯಿ ಕೇಳಿದಾಗ ಒಲೆಯ ಮಸಿ ಅಂದಳು. ಅವತ್ತು ಒಲೆಯ ಹತ್ತಿರ ಅವಳು ಹೋಗಿಯೇ ಇರಲಿಲ್ಲ.

*

ಬಸ್ಸಿನ ಕಂಡಕ್ಟರನ ಬಾಯಲ್ಲಿ ಸುದ್ದಿ ಬಂತು: ಸೋಮವಾರ ಸಂಜೆ ಬರುತ್ತಾನೆ. ಮಂಗಳವಾರ ಅಮಾವಾಸ್ಯೆ. ಅಂದರೆ ಇದೇ ಕೊನೆಯ ಸಲ.

ಬ್ರಾಹ್ಮಿ ಮಧ್ಯಾಹ್ನದಿಂದಲೇ ಅಡುಗೆ ಮನೆ ಹಿಡಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗೋಧಿ ಹುಗ್ಗಿ. ಮಣೆಗಳನ್ನು ಸಾಲಾಗಿ ಹಾಕಿದಳು. ಒಂದು ಮಣೆ ಹೆಚ್ಚಿಗೆ ಹಾಕಿದಳು. ಅದು ಸರಿಯಾಗಿ ಕೂತಿಲ್ಲ ಅಂತ ಮತ್ತೆ ಮತ್ತೆ ಸರಿಸಿದಳು.

“ಮಣಿ ಸವದೀತು, ಬಿಡ ಬೇ,” ಅಂದಳು ಆಯಿ.

ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಗೋಡೆಯಿಂದ ಮಾಳಿಗೆಗೆ ಏರಿತು. ಪಾರಿಸಪ್ಪ ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತೇಬಿಟ್ಟ. ಅವನಿಗೆ ಹಸಿವು ತಡೆಯುವುದು ಹುಟ್ಟಿನಿಂದಲೂ ಆಗದ ಕೆಲಸ.

“ಬಡಸ್ರಿ. ಅವ ಬರೂದಿಲ್ಲ. ಆ ಗಾಡಿಗೂ ನಮ್ಮ ಎಂಜಿನ್ನಿಗೂ ಒಂದ ರೋಗ.”

ಬ್ರಾಹ್ಮಿ ರೊಟ್ಟಿಯ ಬುಟ್ಟಿ ಎತ್ತಿಕೊಂಡಳು. ಆಗ ಕೇಳಿತು.

ಮೊದಲು ಯಾರೋ ದೂರದಲ್ಲಿ ಜೋಳ ಕುಟ್ಟಿದ ಹಾಗೆ. ಆಮೇಲೆ ಡಬ್ ಡಬ್ ಡಬ್ ಅಂತ, ರಬಕವಿ ಕಡೆಯ ಬಯಲಿನ ಮೇಲಿಂದ ತುಂಬಿಕೊಂಡು ಬರುವ ಸಪ್ಪಳ. ಹೊಗೆ ಬೇಗ ಹೊರಬೀಳಲಿ ಅಂತ ಅವನು ಸೈಲೆನ್ಸರಿನ ಒಳಗಿನ ತಗಡೆಲ್ಲ ತೆಗೆದುಬಿಟ್ಟಿದ್ದ. ಎರಡು ಮೈಲಿ ದೂರದಲ್ಲಿದ್ದರೂ ಪಕ್ಕದ ಓಣಿಯಲ್ಲಿದ್ದ ಹಾಗೆ ಕೇಳುತ್ತಿತ್ತು. ಏರಿನಲ್ಲಿ ಒಂಚೂರೂ ಕುಗ್ಗಲಿಲ್ಲ. ಎಳೆತ ಬಂದಿದೆ, ಅಂದುಕೊಂಡಳು ಬ್ರಾಹ್ಮಿ. ಅವಳ ಎದೆಯೂ ಅದೇ ತಾಳಕ್ಕೆ ಬಿತ್ತು.

“ಬಂದ,” ಅಂದಳು ಆಯಿ. “ಬುಟ್ಟಿ ಇಡ. ಸಪ್ಪಳ ಕೇಳಿಸಿತಂದ್ರ ಅತಿಥಿ ಬಾಗಲದಾಗ ನಿಂತಂಗ. ಅವನ್ನ ಬಿಟ್ಟು ಉಣ್ಣಬಾರದು.”

ಹೊತ್ತು ಇನ್ನೂ ಇತ್ತು. ಬೇಕಾದಷ್ಟಿತ್ತು.

ಸಪ್ಪಳ ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ಮತ್ತೆ, ಯಾರೋ ಕತ್ತರಿಸಿದ ಹಾಗೆ, ನಿಂತಿತು.

ಬ್ರಾಹ್ಮಿ ಹೊಸ್ತಿಲಿಗೆ ಓಡಿದಳು. ರಸ್ತೆಯಲ್ಲಿ ಧೂಳು ಕೂಡ ಇರಲಿಲ್ಲ. ಬಿದ್ದನೇ? ಹೆಡ್ಡು ಹೆಚ್ಚು ಕೆರೆದನೇ? ಹಲ್ಲು ಕಡಿದು ಸತ್ತಿತೇ? ಅವನೇ ಹೇಳಿದ ಎಂಜಿನ್ನಿನ ರೋಗಗಳೆಲ್ಲ ಒಂದೊಂದಾಗಿ ತಲೆಯಲ್ಲಿ ಸುತ್ತಿದವು. ಅವುಗಳ ಹಿಂದೆಯೇ ರಸ್ತೆಯ ಬದಿಯಲ್ಲಿ ಮಗ್ಗುಲಾಗಿ ಬಿದ್ದ ಬಿಳಿ ಅಂಗಿ.

“ಅವ್ವಾ, ಹೊತ್ತು ಹೊಂಟತಿ,” ಅಂದ ಪಾರಿಸಪ್ಪ ಒಳಗಿನಿಂದ.

“ಕೂಡು,” ಅಂದಳು ಆಯಿ.

ಮಾಳಿಗೆಯ ಅಂಚಿನ ಬಿಸಿಲು ಕೆಂಪಾಯಿತು. ಮಾಸಿತು. ಇಲ್ಲವಾಯಿತು. ಹುಗ್ಗಿಯ ಮೇಲೆ ತೆಳ್ಳಗೆ ಕೆನೆ ಕಟ್ಟಿತು. ಪಾರಿಸಪ್ಪ ತಟ್ಟೆಯನ್ನು ನೋಡಿ ದೊಡ್ಡ ನಿಟ್ಟುಸಿರು ಬಿಟ್ಟ. ಆ ಮನೆಯಲ್ಲಿ ಅವತ್ತು ಯಾರೂ ಉಣ್ಣಲಿಲ್ಲ.

ಮಬ್ಬಿನಲ್ಲಿ ಅವನು ಬಂದ. ಎಂಜಿನ್ ಆರಿಸಿ, ಗಾಡಿ ನೂಕಿಕೊಂಡು ಬಂದ. ಅಂಗಿಯ ತೋಳು ಹರಿದಿತ್ತು, ತಲೆತುಂಬ ನೂಲಿನ ಎಳೆಗಳು. ಬ್ರಾಹ್ಮಿ ಕಂಬ ಹಿಡಿದುಕೊಂಡಳು. ಮೈ ಪೂರ್ತಿ ಇದೆ. ಕೈ ಎರಡಿವೆ. ಸಾಕು.

“ತಪ್ಪಾತ್ರಿ,” ಅಂದ ಆದಪ್ಪ ಅಂಗಳದಲ್ಲೇ ನಿಂತು. “ಬನಹಟ್ಟಿ ನೇಕಾರರ ವಿಠೋಬಾ ಅಂತ. ನೂಲಿನ ಗಾಡಿ ಹೊಡಕೊಂಡು ಹೊಂಟಿದ್ರು. ನನ್ನ ಗಾಡಿ ಸಪ್ಪಳಕ್ಕ ಎತ್ತು ಬೆದರಿ ಗಾಡಿ ತಗ್ಗಿಗೆ ಇಳಿಸಿದ್ವು. ನೂಲೆಲ್ಲ ಕೆಳಗ ಬಿತ್ತು. ಎಂಜಿನ್ ಆರಿಸಿ, ಎತ್ತು ಸಮಾಧಾನ ಮಾಡಿ, ಎಲ್ಲಾ ಹೇರಿಕೊಟ್ಟು ಬಂದೆ. ಎತ್ತು ಇನ್ನೂ ಅದ ರಸ್ತಾದಾಗ ನನ್ನ ಹಿಂದನ ಬರಾಕತ್ತಿದ್ವು. ಅದಕ್ಕ ಮತ್ತ ಚಾಲೂ ಮಾಡಲಿಲ್ಲ.”

“ನೂಕ್ಕೊಂಡ ಬಂದೀ?” ಅಂದ ಪಾರಿಸಪ್ಪ.

“ಹೌದ್ರಿ.” ಅವನು ಪಡುವಣದ ಕಡೆ ನೋಡಿದ, ಮೊದಲ ದಿನ ನೋಡಿದ ಹಾಗೇ. “ಹೊತ್ತು ಮುಳುಗಿತು. ಮಾತು ಮಾತ. ನಾ ಹೋಗಿಬರತೇನಿ.”

ಬ್ರಾಹ್ಮಿ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅವನು ಅವಳನ್ನು ನೋಡಲಿಲ್ಲ. ನೋಡಿದರೆ ಹೋಗಲಾಗದು ಅನ್ನುವವನಂತೆ ಗಾಡಿಯ ಹ್ಯಾಂಡಲ್ಲನ್ನೇ ನೋಡುತ್ತ ತಿರುಗಿಸಿದ.

“ಏ ತಮ್ಮಾ,” ಅಂದಳು ಆಯಿ. “ಉಂಡೀ?”

“ಇಲ್ರಿ ಆಯಿ.”

“ನಾವೂ ಉಂಡಿಲ್ಲ. ನಿನ್ನ ಸಪ್ಪಳ ಕೇಳಿ ಕೂತವರು, ಹಂಗ ಕೂತೇವಿ.”

ಆದಪ್ಪ ತಲೆ ಎತ್ತಿದ. ಒಳಗೆ ಮಣೆಗಳ ಸಾಲು, ಮುಟ್ಟದ ತಟ್ಟೆಗಳು, ಮುಖ ಸಣ್ಣ ಮಾಡಿಕೊಂಡು ಕೂತ ಪಾರಿಸಪ್ಪ. ಅವನ ಮುಖ ಇನ್ನಷ್ಟು ಕುಗ್ಗಿತು.

“ನನ್ನ ಸಲುವಾಗಿ ಎಲ್ಲಾರೂ ಉಪಾಸ...”

“ಅಳಬ್ಯಾಡ. ಕೇಳ. ಕೂಡಿ ಉಣ್ಣವರು ಊರ ತುಂಬ ಸಿಗತಾರ. ಕೂಡಿ ಉಪಾಸ ಬೀಳವರು ಮನಿಯವರ. ಹೊರಗಿನ ಕಟ್ಟಿ ಮ್ಯಾಲ ಜಮಖಾನಿ ಹಾಸ್ತಾರ, ಮಲಕೋ. ಹೊತ್ತು ಹುಟ್ಟಿದ ಮ್ಯಾಲ ಎಲ್ಲಾರೂ ಒಂದ ಪಂಕ್ತಿಯಾಗ ಪಾರಣಿ ಮಾಡೋಣು.”

“ಅವ್ವಾ, ನಾಳೆ ಅಮಾಸಿ,” ಅಂದ ಪಾರಿಸಪ್ಪ.

“ಮುಂಜಾನೆ ಎಲ್ಲೈತಿ ಅಮಾಸಿ? ಮಧ್ಯಾಹ್ನ ಹತ್ತತೈತಿ. ಪಂಚಾಂಗ ನಾ ನೋಡೇನಿ.”

“ಹಂಗಾರ ನಾನೂ ಒಪ್ಪಿದಂಗ ಆತೇನು?”

“ಹಸದೀ ಇಲ್ಲ?”

“ಹೊಟ್ಟಿ ಸುಡಾಕತ್ತೈತಿ.”

“ಹಂಗಾರ ಒಪ್ಪಿದಂಗ.”

ಬ್ರಾಹ್ಮಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ಅವನು ನೋಡಿದ. ಗ್ರೀಸಿಲ್ಲದ ಮುಖ ಅವನದು ಎಷ್ಟು ಎಳೆಯದು ಅಂತ ಅವಳಿಗೆ ಆಗಲೇ ಕಂಡದ್ದು.

*

ಬೆಳಗಿನ ಬಿಸಿಲು ಅಂಗಳಕ್ಕೆ ಬಿದ್ದ ಕೂಡಲೇ ಪಾರಿಸಪ್ಪ ಎಲ್ಲರಿಗಿಂತ ಮುಂಚೆ ಮಣೆ ಹಿಡಿದ. ಅವನ ಪಕ್ಕ ಆದಪ್ಪ. ಬಿಸಿ ರೊಟ್ಟಿ ಬಡಿಸಲು ಬಗ್ಗಿದ ಬ್ರಾಹ್ಮಿ ಅವನ ಕೈ ನೋಡಿದಳು. ಉಗುರಿನ ಸಂದಿನ ಕಪ್ಪು ಹೋಗಲೆಂದು ಬಾವಿಯಲ್ಲಿ ಎಷ್ಟು ತಿಕ್ಕಿದ್ದನೋ, ಬೆರಳೆಲ್ಲ ಕೆಂಪಾಗಿದ್ದವು.

“ಎಷ್ಟು ಹಾಕಲಿ?”

“ನಿಮ್ಮ ಕೈ ಬ್ಯಾಸರಾಗೂತನ.”

“ಎಂಜಿನ್ ಬಿಚ್ಚಿದಾಗ ಹಸಿವಿರೂದಿಲ್ಲ ಅಂದಿದ್ರಿ.”

“ಈಗ ಕಟ್ಟಿ ಮುಗಸೇನ್ರಿ.”

ಆಯಿ ಕೆಮ್ಮಿದಳು. ಇಬ್ಬರೂ ತಟ್ಟೆ ನೋಡಿದರು. ಊಟ ಮುಗಿದ ಮೇಲೆ ಆಯಿ ಅಡಿಕೆ ಎಲೆ ಕೈಗೆತ್ತಿಕೊಂಡು, ಬೆಳಗಲಿಯ ಅಕ್ಕಮ್ಮನಿಗೆ ಕೊಡು ಅಂತ ಅವನ ಉಡಿಗೆ ಹಾಕಿದಳು. ಮಾತು ಕೊಟ್ಟದ್ದು ಅಷ್ಟೇ ಸುಲಭದಲ್ಲಿ ಮುಗಿಯಿತು.

ಅವನು ಗಾಡಿಯ ಹತ್ತಿರ ಬಂದಾಗ ಬ್ರಾಹ್ಮಿ ಕೊಡ ಹಿಡಿದು ಹೊರಗೆ ಬಂದಳು. ಕೊಡ ತುಂಬಿಯೇ ಇತ್ತು.

“ಇವತ್ತ ರಜಾ ಅಲ್ಲೇನ್ರಿ? ಇಷ್ಟ ಅವಸರ ಯಾಕ?”

“ಅವ್ವಗ ಹೇಳಬೇಕು. ಬೆಳಗಲಿಗೆ ಹೊಂಟೇನಿ.” ಅವನು ಸೈಲೆನ್ಸರಿನ ಮೇಲೆ ಕೈಯಿಟ್ಟ. “ಆಮ್ಯಾಲ ಇದರ ತಗಡು ತಿರುಗಿ ಹಾಕತೇನಿ. ಪಾಪ, ಎತ್ತು ಬೆದರತಾವ.”

“ಹಾಕಿದ್ರ ನೀವು ಬರೂದು ನನಗ ಹೆಂಗ ಗೊತ್ತಾಗಬೇಕು?”

ಅವನು ಕೈ ತೆಗೆದ. ಅವಳು ಕೊಡದ ಅಂಚನ್ನು ಉಗುರಿನಿಂದ ಗೀಚುತ್ತಿದ್ದಳು.

“ನಿನ್ನೆ ಸಪ್ಪಳ ನಿಂತಾಗ,” ಅಂದಳು, “ನನ್ನ ಜೀವಾನ ನಿಂತಿತ್ತು. ಲಗೂನ ಬರದಿದ್ರೂ ಬ್ಯಾಡ. ಬರಾಕತ್ತೀರಂತ ಕೇಳಸ್ತಿರಲಿ.”

“ಮತ್ತ ಎತ್ತು?”

ಬ್ರಾಹ್ಮಿ ಮೊದಲ ಸಲ ಅವನ ಕಣ್ಣಿಗೆ ನೆಟ್ಟಗೆ ಕಣ್ಣಿಟ್ಟು ನೋಡಿದಳು.

“ಎತ್ತು ಕಂಡಲ್ಲಿ ಆರಿಸ್ರಿ,” ಅಂದಳು. “ತೇರದಾಳ ಕಂಡಲ್ಲಿ ಚಾಲೂ ಮಾಡ್ರಿ.”